ನುಂಗಕ್ಕನ ಅತ್ತೆ

ನುಂಗಕ್ಕ ಎಂಬ ಹೆಸರು ಇಟ್ಟವರು ಯಾರೋ ಗೊತ್ತಿಲ್ಲ, ಇಟ್ಟದ್ದಂತೂ ಸರಿಯಾಗಿಯೇ ಇಟ್ಟಿದ್ದಾರೆ. ಬೆಳಿಗ್ಗೆ ಬಂದು ಪ್ಲಾಸ್ಟಿಕ್ ಏಪ್ರನ್ ಕಟ್ಟಿಕೊಂಡಳೆಂದರೆ ಮಧ್ಯಾಹ್ನದ ಊಟದವರೆಗೆ ಅವಳ ಬಾಯಲ್ಲಿ ಒಂದೇ ಜಪ: “ನುಂಗಿ, ನುಂಗಿ, ಹಾಂ, ಇನ್ನೊಂದ್ಸಲ ನುಂಗಿ.” ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ, ಬಾಯಿಂದ ಪೈಪು ಇಳಿಸಿ ಹೊಟ್ಟೆಯೊಳಗನ್ನು ಪರದೆಯ ಮೇಲೆ ನೋಡುವ ಕೋಣೆಯೊಂದಿದೆ. ಅಲ್ಲಿ ಪೈಪು ಹಿಡಿಯುವವರು ಡಾಕ್ಟರು. ತಲೆ ಹಿಡಿಯುವವಳು, ಬೆನ್ನು ಸವರುವವಳು, ಜೊಲ್ಲು ಒರೆಸುವವಳು, ನುಂಗಿ ಎನ್ನುವವಳು ನುಂಗಕ್ಕ. ಅವಳ ನಿಜವಾದ ಹೆಸರು ಸಂಬಳದ ದಿನ ಬಿಟ್ಟರೆ ಯಾರಿಗೂ ಬೇಕಾಗುವುದಿಲ್ಲ.

ಪೈಪು ಕಿರುಬೆರಳಿನ ಗಾತ್ರದ್ದು. ಆದರೆ ಹೊರಗಿನ ಬೆಂಚಿನ ಮೇಲೆ ಖಾಲಿ ಹೊಟ್ಟೆಯಲ್ಲಿ ಕುಳಿತವರ ಕಣ್ಣಿಗೆ ಅದು ಬೆಂಕಿ ಆರಿಸುವವರ ಪೈಪಿನಷ್ಟು ದಪ್ಪ ಕಾಣುತ್ತದೆ. ಒಳಗೆ ಬಂದವರನ್ನು ಎಡಮಗ್ಗುಲಿಗೆ ಮಲಗಿಸಬೇಕು, ಕಟ್ಟಿಸಿದ ಹಲ್ಲಿದ್ದರೆ ತೆಗೆಸಬೇಕು, ಗಂಟಲಿಗೆ ಕಹಿ ಸ್ಪ್ರೇ ಹೊಡೆದು ಜೋಮು ಹಿಡಿಸಬೇಕು, ಕಚ್ಚಿ ಹಿಡಿಯಲು ಬಾಯಿಗೆ ಪ್ಲಾಸ್ಟಿಕ್ ಬಳೆ ಕೊಡಬೇಕು. ಇಷ್ಟೆಲ್ಲ ಆಗುವಷ್ಟರಲ್ಲಿ ಕೆಲವರು ದೇವರನ್ನು ನೆನೆಯುತ್ತಾರೆ, ಕೆಲವರು ಡಾಕ್ಟರ ಕೈಯನ್ನೇ ಹಿಡಿದುಕೊಳ್ಳುತ್ತಾರೆ, ಉಳಿದವರು ಕಾಲಿಗೆ ಬುದ್ಧಿ ಹೇಳುತ್ತಾರೆ. ಪೈಲ್ವಾನನಂಥ ಒಬ್ಬ ಲಾರಿ ಡ್ರೈವರ್ ಬಾಯಲ್ಲಿ ಬಳೆ ಕಚ್ಚಿಕೊಂಡೇ ಲಿಫ್ಟಿನವರೆಗೆ ಓಡಿದ್ದುಂಟು.

ಇಂಥವರನ್ನು ಹಿಡಿದು ನಿಲ್ಲಿಸಲು ನುಂಗಕ್ಕನಿಗೆ ಗೊತ್ತಿದ್ದ ಉಪಾಯ ಒಂದೇ, ನಗಿಸುವುದು. ಹೆದರಿದವರ ಗಂಟಲು ಮುಷ್ಟಿ ಕಟ್ಟಿದ ಹಾಗಿರುತ್ತದೆ. ಒಂದು ನಗು ಬಂದರೆ ಸಡಿಲವಾಗುತ್ತದೆ, ಡಾಕ್ಟರಿಗೆ ಅಷ್ಟು ಸಾಕು. “ಹೊಟ್ಟೆ ಉರಿ ಅಂತ ಬಂದಿದ್ದೀರಲ್ಲ, ಯಾರ ಮೇಲೆ ಅಂತ ಹೇಳಿಬಿಡಿ, ಪೈಪೇ ಬೇಡ, ಹಾಗೇ ಮನೆಗೆ ಕಳಿಸ್ತೀನಿ” ಎನ್ನುವಳು ಒಬ್ಬರಿಗೆ. “ಇಷ್ಟು ದಿನ ನೀವು ಮಕ್ಕಳಿಗೆ ಪರೀಕ್ಷೆ ಮಾಡಿದ್ರಿ, ಇವತ್ತು ನಿಮಗೇ ಪರೀಕ್ಷೆ. ಪಕ್ಕದವರದ್ದು ನೋಡಿ ಬರೆಯೋ ಹಾಗಿಲ್ಲ ಮೇಡಂ” ಎನ್ನುವಳು ಒಬ್ಬ ಟೀಚರಿಗೆ. ಹಲ್ಲಿನ ಸೆಟ್ಟನ್ನು ಬಟ್ಟಲಿಗೆ ಹಾಕಿಸಿಕೊಳ್ಳುವಾಗ, “ಭಯ ಬೇಡ ತಾತ, ಇದರಲ್ಲಿ ನಾನು ಊಟ ಮಾಡಲ್ಲ” ಎಂದು ಮುಖ ಬಿಗಿದುಕೊಂಡು ಹೇಳುವಳು. ಹೊಟ್ಟೆಯ ಹುಣ್ಣು ತೋರಿಸಲು ಬಂದವರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಾಳೆ ಎಂದು ಡಾಕ್ಟರೇ ಹೇಳಿದ್ದರು. ಡಾಕ್ಟರು ಮಾತಿನಲ್ಲಿ ಮಹಾ ಜಿಪುಣರು. ಅವರ ಪಾಲಿನ ಮಾತನ್ನೂ ಇವಳೇ ಆಡುತ್ತಿದ್ದಳೆಂದರೆ ತಪ್ಪಾಗದು.

ಒಮ್ಮೆ ಮಾತ್ರ ಎಡವಿದಳು. ನುಂಗು ಎಂಬ ಮಾತೇ ಅಂಥದ್ದು. ಅನ್ನವನ್ನೂ ನುಂಗಬಹುದು, ಅವಮಾನವನ್ನೂ ನುಂಗಬಹುದು, ಊರವರ ದುಡ್ಡನ್ನೂ ನುಂಗಬಹುದು. ಯಾವುದೋ ಸಂಘದ ಕ್ಯಾಷಿಯರೊಬ್ಬ ಪೈಪು ಕಂಡು ಬೆವರುತ್ತಿದ್ದಾಗ, “ದೊಡ್ಡ ದೊಡ್ಡದನ್ನೇ ನುಂಗಿರೋರು ನೀವು, ಇದ್ಯಾವ ಲೆಕ್ಕ ಸಾರ್!” ಎಂದುಬಿಟ್ಟಳು. ಆ ಮನುಷ್ಯ ಹಣ ನುಂಗಿದ ಆರೋಪದ ಮೇಲೆ ಆಗಷ್ಟೇ ಕೆಲಸದಿಂದ ಅಮಾನತಾಗಿದ್ದ. ಅದು ಇವಳಿಗೆ ಹೇಗೆ ಗೊತ್ತಾಗಬೇಕು? ಅವನು ಮಂಚದಿಂದ ಎದ್ದವನೇ ಕೂಗಾಡಿ ಮಹಡಿಯನ್ನೇ ತಲೆಕೆಳಗು ಮಾಡಿದ. ಅವನನ್ನು ಸಮಾಧಾನಪಡಿಸಿ ಕಳಿಸಿದ ಮೇಲೆ ಡಾಕ್ಟರು, “ಅಕ್ಕಾ, ಬಂದವರ ಮೇಲೆ ಜೋಕ್ ಬೇಡ” ಎಂದರು, ಅಷ್ಟೇ.

ಬಂದವರ ಮೇಲೆ ಬೇಡವೆಂದರೆ ಬಾರದವರ ಮೇಲೆ ಮಾಡಬಹುದಲ್ಲ! ಆಗ ಹುಟ್ಟಿದ್ದು ಅತ್ತೆ ಜೋಕು. “ನಮ್ಮತ್ತೆ ಮಾತನ್ನ ಇಷ್ಟು ವರ್ಷ ನುಂಗ್ಕೊಂಡು ಬಂದಿದ್ದೀನಿ, ಒಂದಿನ ಅಜೀರ್ಣ ಆಗ್ಲಿಲ್ಲ. ನಿಮಗೆ ಈ ಕಿರುಬೆರಳಿನಷ್ಟು ನುಂಗೋಕಾಗಲ್ವಾ?” ಸೊಸೆಯಂದಿರು ನಕ್ಕರು. ಅತ್ತೆಯಂದಿರು ತಮ್ಮ ಅತ್ತೆಯನ್ನು ನೆನೆದು ನಕ್ಕರು. ಗಂಡಸರು ಇಬ್ಬರ ನಡುವೆ ಸಿಕ್ಕಿ ಅಪ್ಪಚ್ಚಿಯಾದ ತಮ್ಮನ್ನೇ ನೆನೆದು ನಕ್ಕರು. ಬರುಬರುತ್ತ ಜೋಕಿಗೆ ಉಪ್ಪುಖಾರ ಸೇರಿತು. ಅತ್ತೆಯ ನಾಲಿಗೆ ಪೈಪಿಗಿಂತ ಉದ್ದವಾಯಿತು. ಪೈಪಿಗಾದರೆ ತುದಿಯಲ್ಲಿ ಲೈಟು ಬೇಕು, ಅತ್ತೆಗೆ ಅದೂ ಬೇಡ, ಕತ್ತಲೆಯಲ್ಲೇ ತಪ್ಪು ಕಂಡುಹಿಡಿಯುತ್ತಾರೆ ಎಂದಾಯಿತು. ಇದರಿಂದ ಯಾರಿಗೂ ನೋವಿಲ್ಲ ಎಂದು ನುಂಗಕ್ಕ ನೆಮ್ಮದಿಯಾಗಿದ್ದಳು.

ಇನ್ನು ಆ ಅತ್ತೆ. ಜೋಕಿನಲ್ಲಿ ಬರುವ ರಾಕ್ಷಸಿಯಲ್ಲ, ಹಾಗೆಂದು ಬೆಣ್ಣೆಯ ಮುದ್ದೆಯೂ ಅಲ್ಲ. ಬಟ್ಟೆ ಹಿಂಡಿದ್ದು ಸಾಲದು, ಬಾಗಿಲು ಹಾಕಿದ್ದು ಜೋರಾಯಿತು, ಪಾತ್ರೆಯ ತಳ ಹಾಗೇ ಇದೆ ಎಂದು ಮಾತಿಗೊಮ್ಮೆ ಸೊಸೆಯನ್ನು ತಿದ್ದುವುದು ಅವರಿಗೆ ಉಸಿರಾಡಿದಷ್ಟು ಸಲೀಸು. ಪ್ರಾಯದಲ್ಲಿ ಒಂದು ಚಿತ್ರಮಂದಿರದ ಬಾಗಿಲಲ್ಲಿ ಟಿಕೆಟು ಹರಿಯುವ ಕೆಲಸ ಮಾಡಿದವರು. ಸಿನಿಮಾದ ನಡುವೆ ಕರೆಂಟು ಹೋಗಿ ಜನ ಕುರ್ಚಿ ಬಡಿಯತೊಡಗಿದರೆ, ಟಾರ್ಚನ್ನು ತಮ್ಮ ಮುಖದ ಮೇಲೇ ಬಿಟ್ಟುಕೊಂಡು, “ಸುಮ್ನೆ ಕೂತ್ಕೊಳ್ರಪ್ಪ, ವಿಲನ್ನೇ ಫ್ಯೂಸ್ ಹಾಕೋಕೆ ಹೋಗಿದ್ದಾನೆ” ಎಂದು ಕೂಗುತ್ತಿದ್ದರಂತೆ. ನುಂಗಕ್ಕ ಕೆಲಸಕ್ಕೆ ಸೇರಿದಾಗ ಅವಳ ಮಗಳಿನ್ನೂ ಅಂಬೆಗಾಲಿಡುತ್ತಿದ್ದಳು. ಮಗುವನ್ನು ನೋಡಿಕೊಳ್ಳಲು ಅತ್ತೆ ಮೊದಲು ಮಧ್ಯಾಹ್ನದ ಮ್ಯಾಟ್ನಿ ಆಟ ಬಿಟ್ಟರು, ಆಮೇಲೆ ಕೆಲಸವನ್ನೇ ಬಿಟ್ಟರು. ರೋಗಿಗಳು ತನ್ನ ಮಾತೇ ಕೇಳುವುದಿಲ್ಲವೆಂದು ಕೆಲಸಕ್ಕೆ ಹೊಸಬಳಾದ ಸೊಸೆ ಅಳುತ್ತ ಬಂದಾಗ, “ಹೆದರಿದವರಿಗೆ ಹೆದರಬೇಡಿ ಅಂದ್ರೆ ಇನ್ನೂ ಹೆದರ್ತಾರೆ ಕಣೇ. ಮೊದಲು ನಗಿಸು, ಆಮೇಲೆ ಹೇಳು” ಎಂದವರೂ ಅವರೇ. ನುಂಗಕ್ಕನ ಕಸುಬಿನ ಗುಟ್ಟೆಲ್ಲ ಇಷ್ಟೇ, ಅದು ಅತ್ತೆ ಕೊಟ್ಟದ್ದು. ಮಗಳು ದೊಡ್ಡವಳಾಗಿ ಮದುವೆಯಾಗಿ ಹೋಗುವಷ್ಟರಲ್ಲಿ ಸೊಸೆಗೆ ಅದು ಮರೆತೇ ಹೋಗಿತ್ತು.

ಮೊದಲು ಅವಳ ಕಣ್ಣಿಗೆ ಬಿದ್ದದ್ದು ನೀರಿನ ಲೋಟ. ಅತ್ತೆ ಒಂದೊಂದು ತುತ್ತಿಗೂ ಒಂದೊಂದು ಗುಟುಕು ನೀರು ಕುಡಿಯುತ್ತಿದ್ದರು. ನುಂಗುವಾಗ ಕುತ್ತಿಗೆಯನ್ನು ಸ್ವಲ್ಪ ಮುಂದೆ ಚಾಚಿ ಕಣ್ಣು ಮುಚ್ಚುತ್ತಿದ್ದರು. ಬೇರೆ ಸೊಸೆಯಾದರೆ ವಯಸ್ಸಾಯಿತು ಎಂದುಕೊಂಡು ಸುಮ್ಮನಿರುತ್ತಿದ್ದಳೋ ಏನೋ, ಇವಳು ದಿನವೂ ಅಂಥವರನ್ನು ನೋಡುವವಳು.

“ಅತ್ತೆ, ಗಂಟಲಲ್ಲಿ ಸಿಕ್ಕಿಕೊಳ್ತಾ?”

“ನನ್ನ ಗಂಟಲು, ನನ್ನ ನೀರು. ನಿನಗೇನು?”

ಅತ್ತೆಯ ರವಿಕೆ ಹೆಗಲಿನಿಂದ ಜಾರುತ್ತಿತ್ತು. ಗಟ್ಟಿ ಊಟ ಹೋಗಿ ಮೆತ್ತಗಿನದು ಬಂತು, ಮೆತ್ತಗಿನದು ಹೋಗಿ ಗಂಜಿ ಬಂತು. ನುಂಗಕ್ಕ ಗಂಡನಿಗೆ ಹೇಳಿದಳು. ಅವನದು ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವ ಕೆಲಸ. ದಿನವೆಲ್ಲ ಸುತ್ತಿ ಸುತ್ತಿ ಮಾತನ್ನೂ ನೇರವಾಗಿ ಆಡಲು ಬಾರದವನು. ಅದು ಇದು ಹವಾಮಾನ ಎಲ್ಲ ಸುತ್ತಿ ಬಂದು ಕೊನೆಗೆ, “ಅಮ್ಮ, ಒಂದ್ಸಲ ತೋರಿಸ್ಕೊಂಡು ಬರೋಣ” ಎಂದ.

“ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗು. ಇವಳ ಆಸ್ಪತ್ರೆಗೆ ಮಾತ್ರ ನಾನು ಬರಲ್ಲ.”

ಆ ಪೈಪಿನ ಯಂತ್ರ ಇದ್ದದ್ದು ಇವಳ ಆಸ್ಪತ್ರೆಯಲ್ಲೇ. ಇನ್ನೊಂದಕ್ಕೆ ಹೋಗಬೇಕೆಂದರೆ ಇಡೀ ದಿನದ ಬಸ್ಸಿನ ದಾರಿ, ಗಂಜಿಯ ಮೇಲಿರುವ ಮುದುಕಿಗೆ ಆಗದ ಮಾತು. ಪೈಪಿಗೆ ಹೆದರುತ್ತಿದ್ದಾರೆ ಎಂದುಕೊಂಡಳು ನುಂಗಕ್ಕ. ಹೆದರಿಕೆಯ ವಿಷಯದಲ್ಲಿ ಅವಳಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಒಂದು ಭಾನುವಾರ ಅತ್ತೆಯ ಮಂಚದ ತುದಿಯಲ್ಲಿ ಕುಳಿತು ಆಸ್ಪತ್ರೆಯಲ್ಲಿ ಮಾಡುವುದನ್ನೇ ಮನೆಯಲ್ಲೂ ಶುರುಮಾಡಿದಳು. ಲಾರಿ ಡ್ರೈವರ್ ಬಳೆ ಕಚ್ಚಿಕೊಂಡು ಓಡಿದ ಕತೆ ಹೇಳಿದಳು. ಹೊಟ್ಟೆ ಉರಿಯದನ್ನು ಹೇಳಿದಳು. ಹಲ್ಲಿನ ಸೆಟ್ಟಿನದನ್ನು ಅಭಿನಯಿಸಿ ತೋರಿಸಿದಳು. ಹೊಸ್ತಿಲಲ್ಲಿ ನಿಂತಿದ್ದ ಗಂಡ ಗೊಳ್ಳೆಂದು ನಕ್ಕ. ಅತ್ತೆಯ ಮುಖ ಮಾತ್ರ ಇನ್ನಷ್ಟು ಗಂಟಾಯಿತು.

“ಮುಗೀತಾ?” ಎಂದರು. “ಇನ್ನೊಂದಿದೆಯಂತಲ್ಲ. ನನ್ನದು. ಅದನ್ಯಾಕೆ ಬಿಟ್ಟೆ? ಅದನ್ನೂ ಹೇಳು.”

ಅದು ತಮಗೆ ಹೇಗೆ ಗೊತ್ತಾಯಿತೆಂದು ಅತ್ತೆಯೇ ಹೇಳಿದರು. ಬೀದಿ ಕೊನೆಯ ಇಸ್ತ್ರಿ ಅಂಗಡಿಯವನು ಹೊಟ್ಟೆನೋವೆಂದು ಹೋಗಿ ಪೈಪು ಹಾಕಿಸಿಕೊಂಡು ಬಂದಿದ್ದ. ಬಂದವನು, ನಾಲ್ಕು ಜನ ಬಟ್ಟೆಗೆ ಕಾಯುತ್ತ ನಿಂತಿದ್ದಾಗ, “ಅಜ್ಜಿ, ನಿಮ್ಮ ಪುಣ್ಯದಿಂದ ಪೈಪು ಸಲೀಸಾಗಿ ಇಳೀತು ನೋಡಿ” ಎಂದು ಪೂರ್ತಿ ಜೋಕನ್ನು ಲೈಟಿನ ಸಮೇತ ಒಪ್ಪಿಸಿದ. ನಿಂತವರೆಲ್ಲ ನಕ್ಕರು. ಅತ್ತೆಯೂ ನಕ್ಕು, ಮಡಿಸಿದ ಸೀರೆ ತೆಗೆದುಕೊಂಡು ಬಂದರು. ಅದಾಗಿ ಎರಡು ಬೇಸಿಗೆ ಕಳೆದಿತ್ತು. ಒಂದು ದಿನವೂ ಅವರು ಅದರ ಸುದ್ದಿ ಎತ್ತಿರಲಿಲ್ಲ.

“ತಮಾಷೆಗೆ ಹೇಳಿದ್ದು ಅತ್ತೆ. ರೋಗಿಗಳಿಗೋಸ್ಕರ” ಎಂದಳು ನುಂಗಕ್ಕ. ತಪ್ಪಾಯಿತು ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದು ವಾಪಸು ಹೋಯಿತು. ತನಗೆ ತಾನೇ ಅವಳು ಹೇಳಿಕೊಂಡದ್ದು, ಇದೇನು ಅಂಥ ದೊಡ್ಡ ಅಪರಾಧವೇ, ಎಷ್ಟು ಜನಕ್ಕೆ ಉಪಕಾರವಾಗಿದೆ ಎಂದು.

“ನಾನೂ ತಮಾಷೆ ಮಾಡ್ಕೊಂಡೇ ಹೊಟ್ಟೆ ಹೊರೆದವಳು ಕಣೇ” ಎಂದರು ಅತ್ತೆ. “ಎದುರಿಗಿದ್ದವರ ಮೇಲೆ ಮಾಡಿದೆ, ನನ್ನ ಮೇಲೇ ಮಾಡ್ಕೊಂಡೆ. ಅಲ್ಲಿ ಇಲ್ಲದವರ ಮೇಲೆ ಮಾಡ್ಲಿಲ್ಲ. ಅವರು ತಿರುಗಿ ಒಂದು ಮಾತು ಹೇಳೋಕಾಗಲ್ಲ ನೋಡು. ಆ ಮಹಡಿ ಮೇಲೆ ಇರೋರೆಲ್ಲ ನನ್ನ ಮಾತು ಎತ್ತಿ ಎತ್ತಿ ನಕ್ಕಿದ್ದಾರೆ. ಅದೇ ಮಂಚದ ಮೇಲೆ ನಾನು ಹೋಗಿ ಬಾಯಿ ಬಿಟ್ಟುಕೊಂಡು ಮಲಗಬೇಕಾ?”

ಅಷ್ಟು ಹೊತ್ತು ನಗುತ್ತಿದ್ದ ಗಂಡ ಮೆಲ್ಲಗೆ ಹೊರಗೆ ಹೋದ. ನುಂಗಕ್ಕ ಎದ್ದು ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಅವಳಿಗೆ ಮೊದಲು ಬಂದದ್ದು ಸಿಟ್ಟು, ಇಸ್ತ್ರಿಯವನ ಮೇಲೆ. ಅದು ಇಳಿದ ಮೇಲೆ ಬಂದದ್ದು ಹೆದರಿಕೆ. ಅತ್ತೆಗೆ ತುತ್ತು ಸಿಕ್ಕಿಕೊಳ್ಳತೊಡಗಿ ಎಷ್ಟು ದಿನವಾಯಿತೋ ಯಾರಿಗೆ ಗೊತ್ತು. ಸೊಸೆ ಅದೇ ಕೋಣೆಯಲ್ಲಿ ಕೆಲಸ ಮಾಡುತ್ತಿರುವಾಗ, ಒಂದು ಮಾತು ಹೇಳಿದ್ದರೆ ಮಾರನೆಯ ದಿನವೇ ನೋಡಬಹುದಾಗಿದ್ದಾಗ, ಆ ಹೆಂಗಸು ಬಾಯಿ ಮುಚ್ಚಿಕೊಂಡು ನೀರು ಕುಡಿದು ಕುಡಿದು ಕಾಲ ತಳ್ಳಿದ್ದರು. ಎಷ್ಟೋ ಜನರನ್ನು ಆ ಮಂಚದ ಮೇಲೆ ಮಲಗಿಸಿದ ಜೋಕು ಮನೆಯವರೊಬ್ಬರನ್ನು ಅದರಿಂದ ದೂರ ಇಟ್ಟಿತ್ತು. ಅಂದು ರಾತ್ರಿ ಅವಳಿಗೂ ಊಟ ಸೇರಲಿಲ್ಲ.

ಮುಂದಿನದನ್ನು ತೀರ್ಮಾನಿಸಿದ್ದು ಯಾರ ಮಾತೂ ಅಲ್ಲ, ಒಂದು ಬಿಸ್ಕತ್ತು. ಒಂದು ಸಂಜೆ ಚಹಾದಲ್ಲಿ ನೆನೆಸಿದ ಬಿಸ್ಕತ್ತಿನ ಚೂರು ಅತ್ತೆಯ ಗಂಟಲಲ್ಲಿ ನಿಂತಿತು. ನೀರು ಕುಡಿದರೆ ನೀರೂ ವಾಪಸು ಬಂತು. ಗೋಡೆ ಹಿಡಿದು ನಿಂತು, ಕಣ್ಣು ಕೆಂಪಗಾಗಿ, ಬಾಯಿಂದ ಎಳೆ ಎಳೆಯಾಗಿ ಜೊಲ್ಲು ಸುರಿಸುತ್ತಿದ್ದ ಅತ್ತೆಯನ್ನು ನುಂಗಕ್ಕ ಮುಂದಕ್ಕೆ ಬಗ್ಗಿಸಿ ಬೆನ್ನು ಸವರುತ್ತ ನಿಂತಳು. ಕೊನೆಗೆ ಹೊರಬಿತ್ತು. ಅತ್ತೆ ನೆಲದ ಮೇಲೇ ಕುಳಿತು ಸುಧಾರಿಸಿಕೊಂಡರು.

“ನಾಳೆ ಬರ್ತೀನಿ” ಎಂದರು. “ಆದ್ರೆ ಒಂದು ಮಾತು. ಆ ಕೋಣೇಲಿ ನೀನು ಬಾಯಿ ಬಿಡಬಾರದು. ನನ್ನ ಮುಂದೆ ಒಂದು ಜೋಕೂ ಬೇಡ.”

“ಇಲ್ಲ ಅತ್ತೆ. ತುಟಿ ಪಿಟಕ್ಕೆನ್ನಲ್ಲ.”

ಮಾರನೆಯ ದಿನ ಗಂಡನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಅತ್ತೆಯನ್ನು ಒಳಗೆ ಕರೆದೊಯ್ದಳು. ಮಾತು ಕೊಟ್ಟಂತೆ ನಡೆದುಕೊಂಡಳು. ಮಂಚಕ್ಕೆ ಹೊಸ ಬಟ್ಟೆ ಹಾಸಿದಳು. ಕೈಸನ್ನೆಯಲ್ಲೇ ಎಡಮಗ್ಗುಲಿಗೆ ಮಲಗಿಸಿದಳು, ಮೊಣಕಾಲು ಮಡಿಸಿದಳು, ಗಂಟಲಿಗೆ ಸ್ಪ್ರೇ ಹೊಡೆದಳು, ಬಳೆ ಕಚ್ಚಿಸಿದಳು. ಆ ಕೋಣೆ ಅಷ್ಟು ಸುಮ್ಮನಿದ್ದದ್ದು ಅದೇ ಮೊದಲು. ಯಂತ್ರದ ಫ್ಯಾನಿನ ಸದ್ದು, ಜೊಲ್ಲು ಹೀರುವ ನಳಿಕೆಯ ಗೊರಗೊರ ಬಿಟ್ಟರೆ ಮತ್ತೇನಿಲ್ಲ. ಡಾಕ್ಟರು ಅವಳ ಮುಖವನ್ನು ಎರಡು ಸಲ ನೋಡಿದರು.

ಪೈಪು ನಾಲಿಗೆಯ ಬುಡ ಮುಟ್ಟಿತು. ಅತ್ತೆ ಓಕರಿಸಿದರು. ತಲೆ ಹಿಂದಕ್ಕೆಳೆದುಕೊಂಡು ಡಾಕ್ಟರ ಮೊಣಕೈ ಹಿಡಿದರು. ಡಾಕ್ಟರು ಪೈಪು ಹೊರತೆಗೆದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಿದರು. ಈ ಸಲ ಹಲ್ಲು ದಾಟಿ ಒಳಗೇ ಹೋಗಲಿಲ್ಲ. ಅತ್ತೆಯ ಗಂಟಲು ಕಲ್ಲಿನ ಹಾಗೆ ಬಿಗಿದಿತ್ತು.

“ಏನಕ್ಕ, ಇವತ್ತು ನಿಮ್ಮ ಬಾಯಿಗೇನಾಯ್ತು?” ಎಂದು ಕೇಳಿದರು ಡಾಕ್ಟರು. ನುಂಗಕ್ಕ ಟವೆಲ್ಲಿನಿಂದ ಅತ್ತೆಯ ಜೊಲ್ಲು ಒರೆಸಿದಳು.

ಅತ್ತೆ ಬಾಯಿಂದ ಬಳೆ ತೆಗೆದು ಹಿಡಿದುಕೊಂಡರು. ಸ್ಪ್ರೇಯಿಂದ ನಾಲಿಗೆ ದಪ್ಪವಾಗಿ ಮಾತು ತೊದಲುತ್ತಿತ್ತು. “ಏ,” ಎಂದರು, “ಏನಾದ್ರೂ ಹೇಳೇ. ನನಗೆ ಹೆದರಿಕೆ ಆಗ್ತಿದೆ.”

ಇಷ್ಟು ವರ್ಷದ ಸಂಸಾರದಲ್ಲಿ ಅತ್ತೆಯ ಬಾಯಲ್ಲಿ ಹೆದರಿಕೆ ಎಂಬ ಮಾತನ್ನು ಅವಳು ಕೇಳಿರಲಿಲ್ಲ. ಏನಾದರೂ ಹೇಳಬೇಕೆಂದು ತಡಕಾಡಿದಳು. ತಲೆ ತುಂಬ ಇದ್ದ ಜೋಕುಗಳಲ್ಲಿ ಒಂದೂ ಕೈಗೆ ಸಿಗಲಿಲ್ಲ. ಹಿಡಿದುಕೊಂಡಿದ್ದ ಟವೆಲ್ಲಿನ ಮೇಲೆ ಅವಳದೇ ಕಣ್ಣೀರು ಬಿತ್ತು.

“ಏನು ಹೇಳ್ಲಿ ಅತ್ತೆ? ನನಗೂ ಹೆದರಿಕೆ ಆಗ್ತಿದೆ.”

ಅತ್ತೆ ಮಲಗಿದಲ್ಲಿಂದಲೇ ಕತ್ತು ತಿರುಗಿಸಿ ಸೊಸೆಯನ್ನು ನೋಡಿದರು. ಅಳುತ್ತ ನಿಂತಿದ್ದ ಆ ದೊಡ್ಡ ಹೆಂಗಸನ್ನು, ಅವಳ ಮೂಗಿನ ತುದಿಯ ಹನಿಯನ್ನು, ತಲೆಯ ಮೇಲೆ ವಾರೆಯಾದ ನೀಲಿ ಟೋಪಿಯನ್ನು ನೋಡಿದರು. ಅವರ ಮುಖದಲ್ಲಿ ಏನೋ ಕದಲಿತು.

“ಅಯ್ಯೋ, ಇವಳನ್ನ ನಂಬಿಕೊಂಡು ಬಂದ್ನಲ್ಲ ನಾನು” ಎಂದರು. “ಡಾಕ್ಟ್ರೇ, ಆ ಸ್ಪ್ರೇ ಇವಳಿಗೂ ಒಂದು ಹೊಡೀರಿ. ಇವಳನ್ನ ಇಲ್ಲಿ ನನ್ನ ಪಕ್ಕ ಮಲಗಿಸಿ, ನಾನೇ ಎದ್ದು ಇವಳ ತಲೆ ಹಿಡ್ಕೋತೀನಿ.”

ಎಂದೂ ನಗದ ಡಾಕ್ಟರು ಗೊಳ್ಳೆಂದರು. ಅಳುತ್ತಿದ್ದ ನುಂಗಕ್ಕನಿಗೂ ನಗು ಉಕ್ಕಿತು. ತಮ್ಮ ಮಾತಿಗೆ ಇಬ್ಬರು ನಕ್ಕದ್ದನ್ನು ಕಂಡು ಅತ್ತೆಯ ಎದೆಯೂ ಕುಲುಕಿತು, ಹೆಗಲು ಸಡಿಲವಾಯಿತು. ತಾವೇ ಬಳೆಯನ್ನು ಬಾಯಿಗೆ ಸಿಕ್ಕಿಸಿಕೊಂಡು, ಹೂಂ ಎಂದು ಡಾಕ್ಟರಿಗೆ ಕಣ್ಸನ್ನೆ ಮಾಡಿದರು. ಈ ಸಲ ಪೈಪು ಇಳಿಯಿತು. ನುಂಗಿ ಎಂದು ಯಾರೂ ಹೇಳಬೇಕಾಗಲಿಲ್ಲ.

ಪೈಪು ಬಹಳ ದೂರ ಹೋಗಲಿಲ್ಲ. ಪರದೆಯ ಮೇಲೆ ನಸುಗೆಂಪಿನ ದಾರಿ ಒಂದು ಕಡೆ ಇದ್ದಕ್ಕಿದ್ದಂತೆ ಇಕ್ಕಟ್ಟಾಗಿ, ಅಲ್ಲಿ ಬಿಳಿಚಿಕೊಂಡ ಒರಟು ಗಂಟೊಂದು ಕಂಡಿತು. ಅಂಥದ್ದನ್ನು ನುಂಗಕ್ಕ ಬೇಕಾದಷ್ಟು ನೋಡಿದ್ದಳು. ಅತ್ತೆಯ ಬೆನ್ನ ಮೇಲಿದ್ದ ಅವಳ ಕೈ ನಿಂತಿತು, ಮತ್ತೆ ಸವರತೊಡಗಿತು. ಡಾಕ್ಟರು ಮಾತಿಲ್ಲದೆ ಒಂದೆರಡು ಚೂರು ಕಿತ್ತು ತೆಗೆದು ಸಣ್ಣ ಬಾಟಲಿಗೆ ಹಾಕಿದರು. ಪೈಪು ಹೊರಬಂದ ಮೇಲೆ ಅವಳನ್ನು ಕಿಟಕಿಯ ಬಳಿಗೆ ಕರೆದು ದನಿ ತಗ್ಗಿಸಿದರು.

“ರಿಪೋರ್ಟ್ ಬರಲಿ. ಆದ್ರೆ ನಿಮಗೆ ಗೊತ್ತೇ ಇದೆ. ತಡ ಆಗಿದೆ ಅಕ್ಕ, ಆದ್ರೂ ಕೈ ಮೀರಿದೆ ಅಂತ ನನಗನ್ನಿಸ್ತಿಲ್ಲ. ನಾನು ಹೇಳ್ಲಾ, ನೀವು ಹೇಳ್ತೀರಾ?”

“ನಾನೇ ಹೇಳ್ತೀನಿ.”

ಡಾಕ್ಟರು ಹೊರಗೆ ಹೋದರು. ಪೈಪು ಹಾಕಿಸಿಕೊಂಡವರೆಲ್ಲ ಎದ್ದು ಕುಳಿತ ತಕ್ಷಣ ಕೇಳುವ ಪ್ರಶ್ನೆ ಒಂದೇ, ಒಳಗೆ ಏನು ಕಾಣಿಸಿತು ಎಂದು. “ನಿನ್ನೆ ತಿಂದಿದ್ದೆಲ್ಲ ಕಾಣಿಸ್ತು, ಯಾರಿಗೂ ಹೇಳಲ್ಲ ಬಿಡಿ” ಎಂದು ನುಂಗಕ್ಕ ಜಾರಿಕೊಳ್ಳುತ್ತಿದ್ದಳು. ಉಳಿದದ್ದು ಡಾಕ್ಟರ ಕೆಲಸ. ಅತ್ತೆಯೂ ಕೇಳಿದರು.

ನುಂಗಕ್ಕ ಸ್ಟೂಲು ಎಳೆದುಕೊಂಡು ಮಂಚದ ಪಕ್ಕ ಕುಳಿತಳು. “ಅನ್ನದ ದಾರೀಲಿ ಒಂದು ಗಂಟಿದೆ ಅತ್ತೆ. ಚೂರು ತೆಗೆದು ಪರೀಕ್ಷೆಗೆ ಕಳಿಸ್ತಾರೆ. ಒಳ್ಳೇ ಗಂಟಲ್ಲ ಅನ್ಸುತ್ತೆ. ಆದ್ರೆ ಚಿಕಿತ್ಸೆ ಇದೆ. ಕಷ್ಟ ಇದೆ, ಆದ್ರೂ ಇದೆ.” ಅಲ್ಲಿಗೆ ಹೇಳಬೇಕಾದದ್ದು ಮುಗಿಯಿತು, ಆದರೆ ಅವಳ ಬಾಯಿ ಮುಚ್ಚಲಿಲ್ಲ. “ಮೊದಲೇ ನೋಡಬಹುದಿತ್ತು. ನನ್ನಿಂದ ತಡ ಆಯ್ತು. ಊರಿಗೆಲ್ಲ ನಿಮ್ಮನ್ನ ಆಡಿಕೊಂಡು ನಗಿಸ್ದೆ. ತಪ್ಪಾಯ್ತು ಅತ್ತೆ. ನಂದೇ ತಪ್ಪು.”

ಅತ್ತೆ ತಲೆ ಎತ್ತಿ ಚಾವಣಿ ನೋಡಿದರು. ಕಣ್ಣಂಚಿನಿಂದ ನೀರು ಇಳಿದು ಕೆನ್ನೆಯ ಮೇಲೆ ನಿಂತಿತು. ಅದು ಗಂಟಿಗೋ, ಸೊಸೆಯ ಮಾತಿಗೋ, ಕೇಳುವ ಧೈರ್ಯ ನುಂಗಕ್ಕನಿಗಿರಲಿಲ್ಲ.

“ನೋಡು,” ಎಂದರು, ಇನ್ನೂ ದಪ್ಪವಾಗಿದ್ದ ನಾಲಿಗೆಯಲ್ಲಿ, “ನಿನ್ನ ಬಾಯಿಂದ ಒಂದು ‘ತಪ್ಪಾಯ್ತು’ ಹೊರಗೆ ಬರೋಕೆ ನನ್ನ ಬಾಯೊಳಗೆ ಇಷ್ಟುದ್ದ ಪೈಪು ಹೋಗಬೇಕಾಯ್ತು.”

ನುಂಗಕ್ಕ ಮುಖವನ್ನು ಅತ್ತೆಯ ಮೊಣಕಾಲಿಗೆ ಒತ್ತಿಕೊಂಡು ಅತ್ತಳು. ಅತ್ತೆ ಅವಳ ವಾರೆಯಾದ ಟೋಪಿಯನ್ನು ಸರಿಮಾಡಿದರು. ಸರಿಮಾಡಿದ ಮೇಲೂ ಕೈ ತೆಗೆಯಲಿಲ್ಲ.

“ನೋವಾಗಿತ್ತು ಕಣೇ” ಎಂದರು. “ತುಂಬಾ ನೋವಾಗಿತ್ತು.” ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ನೆಟ್ಟಗೆ ಕುಳಿತರು. “ಎದ್ದೇಳು. ಅವನೊಬ್ಬನೇ ಕೂತಿದ್ದಾನೆ ಹೊರಗೆ, ಒಳಗೆ ಕರಿ. ನೀನೊಬ್ಬಳೇ ಹೇಳಬೇಡ, ಇಬ್ಬರೂ ಸೇರಿ ಹೇಳೋಣ.”

ನುಂಗಕ್ಕ ಮುಖ ತೊಳೆದುಕೊಂಡು ಬಾಗಿಲು ತೆರೆದಳು. ಬೆಂಚಿನ ತುದಿಯಲ್ಲಿ ಅವಳ ಗಂಡ ಎರಡೂ ಕೈ ತೊಡೆಗಳ ನಡುವೆ ಇಟ್ಟುಕೊಂಡು, ಬಾಗಿಲನ್ನೇ ನೋಡುತ್ತ ಕುಳಿತಿದ್ದ.

“ಬನ್ರೀ,” ಎಂದಳು, “ಅತ್ತೆ ಕರೀತಿದ್ದಾರೆ.”